ಈರಕ್ಕ ಬರೆದ ಗುಡ್ಡ

ಬಂಡೆಯನ್ನು ಇಷ್ಟು ಕಪ್ಪಗೆ ಬಳಿಯಲು ಇವಳಿಗೆ ಧೈರ್ಯ ಎಲ್ಲಿಂದ ಬಂತು, ಕಾಗದದ ಎಡಗಡೆ ಪೂರ್ತಿ ಕಪ್ಪು, ಅದರಾಚೆ ಬಿಳಿಚಿದ ಬಯಲು, ಬಯಲಿನಾಚೆ ಇದೆಯೋ ಇಲ್ಲವೋ ಎನ್ನುವಂಥ ಗುಡ್ಡ, ನಡುವೆ ಬೆನ್ನು ತಿರುಗಿಸಿ ಹೊರಟ ಒಬ್ಬನೇ ಒಬ್ಬ ಮನುಷ್ಯ — ಓಬಳೇಶಪ್ಪ ಹೆಂಡತಿಯ ಚಿತ್ರದ ಮುಂದಿನಿಂದ ಕದಲಲಾರದೆ ನಿಂತಿದ್ದ, ಕೊಟ್ಟೂರಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ತಾನು, ಈರಕ್ಕನಿಗೆ ಕುಂಚ ಹಿಡಿಯಲು ಕಲಿಸಿದವನೂ ತಾನೇ, ಮದುವೆಯಾದ ಹೊಸತರಲ್ಲಿ, ಅವಳ ಬೆರಳುಗಳನ್ನು ತನ್ನ ಬೆರಳೊಳಗೆ ಹಿಡಿದು, ಆಗ ನಗುತ್ತಿದ್ದಳು, ಈಗ ನಗುವುದಿಲ್ಲ, ಬರೆಯುತ್ತಾಳೆ, ನಿನ್ನೆ ಹರಪನಹಳ್ಳಿಯಿಂದ ಬಂದ ಶಿವಯೋಗಪ್ಪ, ಮಕ್ಕಳ ಕಥೆಪುಸ್ತಕ ಅಚ್ಚು ಹಾಕಿಸುವವನು, ಇಬ್ಬರ ಚಿತ್ರವನ್ನೂ ಗೋಡೆಗೆ ಆನಿಸಿ ನೋಡಿದ, ಮಾಸ್ತರ, ನಿಮ್ಮದೂ ಚಂದ ಐತ್ರಿ, ಆದ್ರ ಅಕ್ಕಾರ ಚಿತ್ರದಾಗ ಒಳಗ ನಡಕೊಂಡು ಹೋಗಬಹುದು ನೋಡ್ರಿ — ನಿಮ್ಮದೂ, ಆ ಕೊನೆಯ ‘ಊ’ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿದೆ, ತನ್ನದರಲ್ಲಿ ಏನಿಲ್ಲ, ಕೆರೆ ಇದೆ, ಹುಣಸೆಮರ ಇದೆ, ಕುರಿ ಹಿಂಡು, ನೀರು ಹೊತ್ತ ಹೆಂಗಸರು, ಗಾಡಿ, ಒಬ್ಬೊಬ್ಬರಿಗೂ ಕಣ್ಣು ಮೂಗು ಬಿಡಿಸಿದ್ದಾನೆ, ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಮೆಲ್ಲಗೆ ಅಂದಿದ್ದಳು, ಕಣ್ಣು ಕಿರಿದು ಮಾಡಿ ನೋಡ್ರಿ, ಗುಡ್ಡ, ಗಿಡ, ಮಂದಿ ಎಲ್ಲಾ ಒಂದ ಬೂದಿ ಆಗತಾವ, ಹತ್ರದ್ದು ಕಪ್ಪಾಗ್ಲಿ, ದೂರದ್ದು ಕರಗ್ಲಿ, ಅರ್ಧ ಮಂದೀನ ಮನಿಗೆ ಕಳಸ್ರಿ, ನೀ ನನಗ ಹೇಳಾಕಿ ಏನು ಎಂದು ತಟ್ಟೆ ತಳ್ಳಿ ಎದ್ದಿದ್ದ, ಈಗ ಕಣ್ಣು ಕಿರಿದು ಮಾಡಿದರೆ ಹೌದು, ಬೂದಿ, ಬರೀ ಬೂದಿ. ಅವಳು ಸಂತೆಗೆ ಹೋಗಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ, ಶಿವಯೋಗಪ್ಪ ಸಂಜೆ ಬಂದು ಅವಳ ಚಿತ್ರ ಒಯ್ಯುತ್ತಾನೆ, ಕುಂಚ ತನ್ನ ಕೈಗೆ ಯಾವಾಗ ಬಂತು, ಮಸಿಗೆ ನೀರು ಬೆರೆಸಿದ್ದಾಗಿದೆ, ಹರಿಯಬೇಕಿಲ್ಲ, ಸುಡಬೇಕಿಲ್ಲ, ಆ ಗುಡ್ಡದ ಮೇಲೆ ಒಂದು ತೆಳು ಪದರ ಎಳೆದರೆ ಸಾಕು, ಗುಡ್ಡ ಮುಂದಕ್ಕೆ ಬಂದು ಬಂಡೆಗೆ ಅಂಟುತ್ತದೆ, ಬಯಲು ಸಾಯುತ್ತದೆ, ಏನು ಕೆಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ, ಅವಳಿಗೊಬ್ಬಳಿಗೆ ತಿಳಿಯುತ್ತದೆ, ತಿಳಿಯಲಿ — ಬಗ್ಗಿದ, ಉಸಿರು ಬಿಗಿಹಿಡಿದ, ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕಣ್ಣು ಆ ಮನುಷ್ಯನಿಗೆ ತಾಗಿತು, ಹೆಬ್ಬೆರಳುದ್ದ ಇಲ್ಲ, ಮುಖ ಇಲ್ಲ, ಕಂಕುಳಲ್ಲಿ ಕೊಡೆ, ಎಡಭುಜ ತುಸು ಇಳಿದಿದೆ, ತಾನು ಚಿಕ್ಕವನಿದ್ದಾಗ ಬೇವಿನ ಮರದಿಂದ ಬಿದ್ದು ಇಳಿದ ಭುಜ, ದರ್ಜಿ ಪಾಲಯ್ಯ ಅಂಗಿ ಹೊಲಿಯುವಾಗ ಪ್ರತಿಸಲ ಸರಿದೂಗಿಸುವ ಭುಜ, ಬೆಳಿಗ್ಗೆ ತಾನು ಶಾಲೆಗೆ ಹೊರಟಾಗ ಅವಳು ಬಾಗಿಲಲ್ಲಿ ನಿಲ್ಲುತ್ತಾಳೆ, ತಾನು ಒಮ್ಮೆಯೂ ತಿರುಗಿ ನೋಡಿಲ್ಲ, ಇಷ್ಟು ವರ್ಷದಲ್ಲಿ ಅವಳದೊಂದು ಗೆರೆಯನ್ನೂ ಬರೆದಿಲ್ಲ, ಕುಂಚವನ್ನು ನೀರಿನ ಲೋಟಕ್ಕೆ ಬಿಟ್ಟ, ನೀರು ಕಪ್ಪಾಯಿತು, ಹೊಟ್ಟೆಯೊಳಗಿನ ಕಿಚ್ಚು ಮಾತ್ರ ಆರಲಿಲ್ಲ, ಈಗ ಅದು ಈ ಹೆಬ್ಬೆರಳುದ್ದದವನ ಮೇಲೆ, ಕಪ್ಪು ಬಂಡೆ ದಾಟಿ ಅವಳು ತೆರೆದಿಟ್ಟ ಅಷ್ಟೂ ಬೆಳಕಿನಲ್ಲಿ ನಡೆಯುತ್ತಿರುವವನ ಮೇಲೆ, ಇವನನ್ನು ಅವಳು ಎಷ್ಟು ಹೊತ್ತು ನೋಡಿರಬೇಕು, ಎಷ್ಟು ಬೆಳಗು, ಆ ಭುಜ, ಬಿಳಿ ಬಯಲಿನ ಮೇಲೆ ಆ ಇಳಿದ ಎಡಭುಜ —