ದೇವಿಕೊಪ್ಪದ ಮುಳ್ಳು

ಕಲಘಟಗಿಯ ಟೆಲಿಫೋನ್ ಎಕ್ಸ್‌ಚೇಂಜಿನ ಹಿಂದಿನ ಖೋಲಿಯಲ್ಲಿ ಹೊಳೆಯಪ್ಪನದೇ ರಾಜ್ಯ. ಆಸಿಡ್ ಬಿದ್ದು ತೂತಾದ ಅಂಗಿಯೇ ಅವನ ರಾಜಪೋಷಾಕು. ಗೋಡೆಗೆ ಒಂದು ಕರಿಯ ಬೋರ್ಡು, ಅದರಲ್ಲಿ ಮೂರು ಮೀಟರು, ಒಂದೊಂದರ ಕೆಳಗೂ ಹಿತ್ತಾಳೆಯ ಒಂದು ಸ್ವಿಚ್ಚು. ಮಿಶ್ರಿಕೋಟಿ, ತಂಬೂರ, ದೇವಿಕೊಪ್ಪ ಈ ಮೂರೂ ಊರಿನ ಸಣ್ಣ ಎಕ್ಸ್‌ಚೇಂಜುಗಳಲ್ಲಿ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ಬ್ಯಾಟರಿಗಳಿದ್ದವು. ಕರೆಂಟು ಹೋದಾಗ ಅಲ್ಲಿನ ಫೋನುಗಳಿಗೆ ಜೀವ ಕೊಡುತ್ತಿದ್ದುದು ಅವೇ. ಯಾವ ಊರಿನ ಬ್ಯಾಟರಿಯಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನು ಮೀಟರಿನ ಮುಳ್ಳು ಇಲ್ಲಿಂದಲೇ ತೋರಿಸುತ್ತಿತ್ತು. ಯಾರಾದರೂ ಫೋನು ಎತ್ತಿದರೆ ಮುಳ್ಳು ಒಂದಿಷ್ಟು ಬಾಗಿ ಮತ್ತೆ ಏಳುತ್ತಿತ್ತು. ಕರೆಂಟು ಬಹಳ ಹೊತ್ತು ಬಾರದಿದ್ದರೆ ಹೊಳೆಯಪ್ಪ ಸ್ವಿಚ್ಚು ಇಳಿಸಿ ಆ ಊರನ್ನು ಬಂದ್ ಮಾಡಬೇಕು, ಇಲ್ಲವಾದರೆ ಬ್ಯಾಟರಿ ಪೂರಾ ಬರಿದಾಗಿ ಕೆಟ್ಟೇ ಹೋಗುತ್ತದೆ. ಬಂದ್ ಮಾಡಿದ ಮೇಲೆ ಮುಳ್ಳು ಅಲ್ಲಾಡುವ ಮಾತೇ ಇಲ್ಲ.

ಅದು ಎಂಬತ್ತಾರನೆಯ ಇಸವಿಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ. ಎರಡು ದಿನದ ಹಿಂದಿನ ಗಾಳಿಗೆ ಕಂಬಗಳು ಉರುಳಿ ಮೂರೂ ಊರಿಗೆ ಕರೆಂಟಿರಲಿಲ್ಲ. ಹೊಳೆಯಪ್ಪ ಬೆಳಿಗ್ಗೆ ಮೂರೂ ಸ್ವಿಚ್ಚು ಇಳಿಸಿ, ಬೋರ್ಡು ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಸರ ಹಾಕಿ, ಸ್ವಿಚ್ಚುಗಳಿಗೆ ದಾರ ಸುತ್ತಿ ಕಾಯಿ ಒಡೆದ. ಪೂಜೆಯಾದ ಹತ್ಯಾರವನ್ನು ಮರುದಿನ ಬನ್ನಿ ಕೊಡುವತನಕ ಯಾರೂ ಮುಟ್ಟುವುದಿಲ್ಲ. ಕುಡುಗೋಲಿಗೂ ತಕ್ಕಡಿಗೂ ಅದೇ ನೇಮ. ಬೇರೆ ವರ್ಷಗಳಲ್ಲಿ ಹೊಳೆಯಪ್ಪ ಇದಕ್ಕೆ ಅಷ್ಟೇನೂ ತಲೆ ಕೆಡಿಸಿಕೊಂಡವನಲ್ಲ, ಸಾಹೇಬರು ಹೇಳಿದರೆ ಒಮ್ಮೆ ಕೈಮುಗಿದು ಸ್ವಿಚ್ಚು ಏರಿಸಿಬಿಡುತ್ತಿದ್ದ. ಈ ಸಲ ಹಾಗಲ್ಲ. ಮದುವೆಯಾಗಿ ಏಳು ವರ್ಷಕ್ಕೆ ಹೆಂಡತಿ ಮೈಲಾರವ್ವ ಬಸಿರಾಗಿದ್ದಳು, ಚೊಚ್ಚಲ ಹೆರಿಗೆಗೆ ತವರಾದ ದೇವಿಕೊಪ್ಪಕ್ಕೆ ಹೋಗಿದ್ದಳು. ಅವಳನ್ನು ಕರೆದೊಯ್ಯಲು ಬಂದ ಅತ್ತೆ ಹೊಸ್ತಿಲಲ್ಲಿ ನಿಂತು ಹೇಳಿದ್ದಳು: "ಬಸಿರಿ ಇರೂ ಮನಿ ಐತ್ರಿ. ಈ ವರ್ಷ ಪೂಜಿ ಕೆಡಸಬ್ಯಾಡ್ರಿ. ಕೆಟ್ರ ಕೂಸಿನ ಮ್ಯಾಲ ಬರತೈತಿ." ಹೆರಿಗೆಗೆ ಇನ್ನೂ ಇಪ್ಪತ್ತು ದಿನವಿತ್ತು.

ಹನ್ನೊಂದು ಗಂಟೆಗೆ ದೇವಿಕೊಪ್ಪದ ಮುಳ್ಳು ಬಾಗಿತು, ಮತ್ತೆ ಎದ್ದು ನಿಂತಿತು.

ಹೊಳೆಯಪ್ಪ ಕಣ್ಣುಜ್ಜಿಕೊಂಡ. ಸ್ವಿಚ್ಚು ಇಳಿದೇ ಇತ್ತು, ಸುತ್ತಿದ ದಾರ ಹಾಗೇ ಇತ್ತು. ತಂತಿಯ ಮೇಲೆ ಹಕ್ಕಿ ಕೂತಿರಬೇಕು ಎಂದುಕೊಂಡ. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಾಗಿತು. ಆಮೇಲೆ ಹದಿನೈದಕ್ಕೆ. ಮಿಶ್ರಿಕೋಟಿ, ತಂಬೂರಿನ ಮುಳ್ಳುಗಳು ಮಾತ್ರ ಗೋಡೆಯ ಮೊಳೆಯಂತೆ ಸ್ಥಿರವಾಗಿದ್ದವು. ಹೊರಗೆ ರಣರಣ ಬಿಸಿಲು, ಓಣಿಯಲ್ಲಿ ಮಕ್ಕಳ ಗದ್ದಲ. ಒಳಗೆ ಅವನು ಬೋರ್ಡಿನ ಎದುರಿನಿಂದ ಕದಲಲಿಲ್ಲ.

ಮುಂದಿನ ಖೋಲಿಯಲ್ಲಿ ಕರೆ ಜೋಡಿಸುವ ಆಪರೇಟರ್ ಜರೀನಾಬಿ, ದಸರೆಯ ಡ್ಯೂಟಿ ಪ್ರತಿವರ್ಷ ತಾನೇ ಹೊರುವಾಕೆ, ಚಹಾ ತಂದವಳು ಕಪ್ಪು ಹಿಡಿದೇ ನಿಂತಳು.

"ಹೊಳೆಯಪ್ಪಣ್ಣಾ, ದೇವಿಕೊಪ್ಪದಾಗ ಯಾರೋ ಫೋನ್ ಎತ್ತಾಕತ್ತಾರ ನೋಡ್ರಿ."

"ಬಂದ್ ಐತ್ರಿ ಬಾಯಾರ. ಯಾರು ಎತ್ತಿದ್ರೂ ಇಲ್ಲಿ ಕಾಣಬಾರದು."

"ಕಾಣಾಕತ್ತೇತಲ್ಲ!"

ಆಕೆ ಸ್ಟೂಲು ಎಳೆದುಕೊಂಡು ಗಡಿಯಾರ ನೋಡುತ್ತ ಕೂತಳು. ಮುಳ್ಳು ಹತ್ತು ನಿಮಿಷಕ್ಕೊಮ್ಮೆ ಬಾಗಿತು, ಎಂಟಕ್ಕೆ ಬಾಗಿತು, ಆರಕ್ಕೆ ಬಾಗಿತು. ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಬಾಗಿಯೇ ಇರುತ್ತಿತ್ತು. ಜರೀನಾಬಿ ಚಹಾದ ಕಪ್ಪು ಕೆಳಗಿಟ್ಟಳು.

"ಅಣ್ಣಾ, ನಾ ಮೂರು ಹಡದಾಕಿ. ಬ್ಯಾನಿ ಹಿಂಗ ಬರತಾವು. ಸ್ವಿಚ್ ಏರಸ್ರಿ."

ಹೊಳೆಯಪ್ಪನ ಕೈ ಮೇಲೆದ್ದಿತು, ದಾರದ ಹತ್ತಿರ ಹೋಗಿ ನಿಂತುಬಿಟ್ಟಿತು. ಮುಟ್ಟಿದರೆ ಪೂಜೆ ಕೆಡುತ್ತದೆ, ಪೂಜೆ ಕೆಟ್ಟರೆ ಕೂಸು. ಮುಟ್ಟದಿದ್ದರೆ? "ನಾ ಏರಸ್ಲೇನು?" ಎಂದು ಜರೀನಾಬಿ ಎದ್ದಾಗ, "ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ!" ಎಂದು ಅಡ್ಡ ನಿಂತ. ಏಳು ವರ್ಷ ಹರಕೆ ಹೊತ್ತವನ ಹೆದರಿಕೆ ಅದು, ಬೈದರೆ ಹೋಗುವಂಥದ್ದಲ್ಲ. ಹಾಗೆ ನಿಂತಲ್ಲೇ ಅರ್ಧ ತಾಸು ಕಳೆಯಿತು.

ಆಮೇಲೆ ಬಾಗಿದ ಮುಳ್ಳು ಏಳಲೇ ಇಲ್ಲ.

ಹೊಳೆಯಪ್ಪ ದಾರ ಕಿತ್ತು ಸ್ವಿಚ್ಚು ಏರಿಸಿದ. ಜರೀನಾಬಿ ಓಡಿಹೋಗಿ ದೇವಿಕೊಪ್ಪದ ಲೈನು ಜೋಡಿಸಿ ಅವನ ಕಿವಿಗೆ ರಿಸೀವರ್ ಹಿಡಿದಳು. ಮಾತಿರಲಿಲ್ಲ. ಹಲ್ಲು ಕಚ್ಚಿ ಉಸಿರು ಹಿಡಿದ ಸದ್ದೊಂದೇ ಕೇಳುತ್ತಿತ್ತು. "ಮೈಲಾರವ್ವಾ," ಎಂದ. ಆ ಉಸಿರು ಹೊರಬಿತ್ತು, ಲೈನು ನಿಶ್ಶಬ್ದವಾಯಿತು.

ಹೊಳೆಯಪ್ಪ ಆಸ್ಪತ್ರೆಗೆ ಓಡಿದ. ಅಲ್ಲಿನ ಜೀಪಿನ ಡ್ರೈವರ್ ರಹಿಮಾನಸಾಬ ಏನೂ ಕೇಳದೆ, ಹೂವಿನ ಹಾರ ಹಾಕಿದ್ದ ಗಾಡಿಯನ್ನೇ ಹೊರಡಿಸಿದ. ದೇವಿಕೊಪ್ಪದಲ್ಲಿ ಅತ್ತೆ ಅಂಗಳದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದಳು. ಗಾಳಿಗೆ ತಂತಿಗಳು ಹರಿದು ಊರಲ್ಲಿ ಕೆಡದೆ ಉಳಿದಿದ್ದ ಒಂದೇ ಫೋನು ದವಾಖಾನೆಯ ಕೋಣೆಯೊಳಗೆ, ಕೋಣೆಗೆ ಬೀಗ, ಬೀಗದ ಕೀಲಿ ಹಬ್ಬಕ್ಕೆ ಹೋದ ನರ್ಸಮ್ಮನ ಸೊಂಟದಲ್ಲಿ. ಬೆಳಗಿನಿಂದ ಆ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಒಳಮನೆಯಲ್ಲಿ ಮೈಲಾರವ್ವ ರಕ್ತದ ನಡುವೆ ಮಲಗಿದ್ದಳು.

ಹುಬ್ಬಳ್ಳಿಯ ಡಾಕ್ಟರು ತಾಯಿಯನ್ನು ಉಳಿಸಿದರು. ಗಂಡು ಕೂಸು ಉಳಿಯಲಿಲ್ಲ. "ಒಂದರ್ಧ ತಾಸು ಮೊದಲ ತಂದಿದ್ರ," ಎಂದು ಅವರು ಕೈ ತೊಳೆಯುತ್ತ ಹೇಳಿದ್ದನ್ನು ಹೊಳೆಯಪ್ಪ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಮೈಲಾರವ್ವ ಮಾತಾಡಿದಳು. ಅವಳ ಕೈ ಅವನ ಕೈಯಲ್ಲಿತ್ತು.

"ಒಂದೊಂದು ಬ್ಯಾನಿಗೂ ನಿಮ್ಮನ್ನ ಕರದ್ನಿ. ಬಾಯಿಬಿಟ್ಟಲ್ಲ, ಮನಸಿನ್ಯಾಗ. ನಿಮಗ ಕೇಳಿಸ್ತೇನ್ರಿ?"

"ಕೇಳಿಸ್ತು."

"ಮೊದಲನೇದ ಕೇಳಿಸ್ತೇನು?"

ಸುಳ್ಳು ಹೇಳಬಹುದಿತ್ತು. "ಹೂಂ. ಮೊದಲನೇದೂ ಕೇಳಿಸ್ತು."

"ಮತ್ತ ಯಾಕ ಬರಲಿಲ್ಲ?"

"ಬೋರ್ಡಿಗೆ ಪೂಜಿ ಆಗಿತ್ತು," ಎಂದ ಹೊಳೆಯಪ್ಪ. "ಕೂಸಿಗೆ ಏನರೆ ಆದೀತಂತ ಮುಟ್ಟಲಿಲ್ಲ."

ಮೈಲಾರವ್ವ ಅವನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದಳು.