ಅಮ್ಮನ ಮದುವೆಗೆ ಸಾಕ್ಷಿ

ಅಮ್ಮನ ವಿಸಿಟರ್ ವಿಸಾ ಮುಗಿಯುವುದಕ್ಕೆ ಆರೇ ದಿನ ಉಳಿದಿತ್ತು. ಅಷ್ಟರೊಳಗೆ ಅವಳ ಮದುವೆ ನಿಜವಾದದ್ದು ಎಂದು ನಾನು ಬರೆದು ಸಹಿ ಹಾಕಬೇಕಿತ್ತು. ನಾನೋ, ಆ ಮದುವೆಗೇ ಹೋಗದವಳು.

ನನ್ನ ಮಗುವನ್ನು ನೋಡಿಕೊಳ್ಳಲೆಂದು ಅಮ್ಮ ಮೈಸೂರಿನಿಂದ ಸಿಡ್ನಿಗೆ, ಎಪ್ಪಿಂಗ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಕನ್ನಡ ಸಂಘದ ಯುಗಾದಿ ಊಟಕ್ಕೆ ಮೆಲ್ಬರ್ನ್‌ನಿಂದ ಗಿರೀಶ ಎಂಬುವವರು ಬಂದಿದ್ದರು, ಅವರೂ ಹೆಂಡತಿಯನ್ನು ಕಳೆದುಕೊಂಡವರು. ಆ ಊಟದಲ್ಲಿ ಶುರುವಾದ ಮಾತು ಫೋನಿನಲ್ಲಿ ಐದು ತಿಂಗಳು ನಡೆಯಿತು. ಕೊನೆಗೆ ಅಮ್ಮ ಮದುವೆಯ ಸುದ್ದಿ ಎತ್ತಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

"ಮಾಡ್ಕೊಳ್ಳೋದಾದ್ರೆ ಮಾಡ್ಕೊ. ಆದ್ರೆ ಒಬ್ಬರ ಕಿವಿಗೂ ಬೀಳ್ಬಾರ್ದು. ಅಪ್ಪನ ಕಡೆಯವ್ರಿಗಂತೂ ಗೊತ್ತಾಗ್ಲೇಬಾರ್ದು," ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ.

ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಸದ್ದಿಲ್ಲದೆ ಮದುವೆಯಾಗಿ, ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯಲ್ಲಿದ್ದ ಗಿರೀಶರ ಮನೆ ಸೇರಿದಳು. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಕನ್ನಡ ಕೇಳಿಸಿದರೆ ಸಾಕು, ಅವಳು ಬೇಳೆಯ ಸಾಲಿಗೆ, ಅವರು ಅಕ್ಕಿಯ ಸಾಲಿಗೆ ಸರಿದುಬಿಡುತ್ತಿದ್ದರಂತೆ. ಈಗ ಅವರಿಬ್ಬರೂ ಗಂಡ ಹೆಂಡತಿ ಎಂದು ಹೇಳಲು ಜನವೇ ಇಲ್ಲ!

"ಹೆಂಡತಿ ಅಂತ ಇಲ್ಲೇ ಉಳಿಯೋ ವಿಸಾಕ್ಕೆ, ಮದುವೆ ನಿಜ ಅಂತ ಇಬ್ಬರು ಬರೆದುಕೊಡ್ಬೇಕು ಮೇಡಂ," ಎಂದ ವಿಸಾ ಏಜೆಂಟ್ ಯತೀಶ್. "ಅಮ್ಮನ ಪಕ್ಕದ ಮನೆ ಶಿವಲಿಂಗಪ್ಪ ಅವ್ರು ಒಬ್ರು. ಇನ್ನೊಬ್ರು ನೀವೇ ಆಗ್ಬೇಕು. ಮದುವೆ ಫೋಟೋ ನೋಡಿದ್ರೆ ಬಸ್ ಸ್ಟಾಪಲ್ಲಿ ನಿಂತಿರೋರ ಥರ ಇದಾರೆ. ಮದುವೆ ಮೇಲೆ ನಂಬಿಕೆ ಬಂದ್ರೆ ಮುಂದೆ ಪಿಆರ್, ಕಾಯಂ ಆಗಿ ಇಲ್ಲೇ ಇರ್ಬಹುದು. ಬರ್ಲಿಲ್ಲ ಅಂದ್ರೆ ಅಮ್ಮ ವಾಪಸ್ ಹೋಗ್ಬೇಕಾಗತ್ತೆ."

ಲ್ಯಾಪ್‌ಟಾಪ್ ತೆರೆದೆ, ಮುಚ್ಚಿದೆ. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದೆ. ಗೊತ್ತಿಲ್ಲದ್ದನ್ನು ಪ್ರಮಾಣ ಮಾಡಿ ಹೇಗೆ ಬರೆಯಲಿ? ಬರೆಯದೆ ಅಮ್ಮನನ್ನು ಹೇಗೆ ಕಳಿಸಲಿ? ನನ್ನ ಗಂಡ ಸುಘೋಷನಿಗೆ ಸಾಕಾಗಿಹೋಯಿತು.

"ಇಲ್ಲಿ ಶತಪಥ ಹಾಕೋ ಬದ್ಲು ಒಂದ್ಸಲ ಹೋಗಿ ನೋಡ್ಕೊಂಡು ಬಾರೇ," ಎಂದ.

ಶನಿವಾರ ಬೆಳಗಿನ ವಿಮಾನಕ್ಕೆ ಹೊರಟೆ. ಟಾರ್ನೀಟಿನ ಮನೆಯೊಳಗೆ ಕಾಲಿಟ್ಟವಳು ಕೂರಲಾರದೆ ಪೊಲೀಸಿನವಳ ಹಾಗೆ ಓಡಾಡಿದೆ. ಎರಡು ಜೊತೆ ಚಪ್ಪಲಿ, ಎರಡು ಬ್ರಷ್ಷು, ಎರಡು ಮಾತ್ರೆ ಡಬ್ಬಿ. ಇಬ್ಬರು ಬಾಡಿಗೆದಾರರಿದ್ದರೂ ಇಷ್ಟು ಕಾಣುತ್ತಿತ್ತು. ಅವರಿಬ್ಬರೂ ಪರೀಕ್ಷೆಗೆ ಬಂದವರಂತೆ ಸೋಫಾದ ಎರಡು ತುದಿಯಲ್ಲಿ ಕೂತಿದ್ದರು.

"ಕಾಫಿ ತಗೊಳಮ್ಮಾ ನಿಖಿತಾ," ಎಂದರು ಗಿರೀಶ್ ಅಂಕಲ್. ಅದು ಮೂರನೆಯ ಸಲ.

ಮಧ್ಯಾಹ್ನದ ಅಡುಗೆ ಅಂಕಲ್‌ದೇ. ಊಟಕ್ಕೆ ಕೂತೆವು. ಅಮ್ಮ ಸಾರನ್ನದ ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಏನ್ರೀ ಇದು, ಬರೀ ಉಪ್ಪು! ಮತ್ತೆ ಎರಡ್ಸಲ ಹಾಕಿದ್ರಾ? ಬಿಪಿ ಇರೋದು ನಿಮಗಾ, ಸಾರಿಗಾ?"

"ಮೊದಲು ಹಾಕಿದ್ದು ಮರ್ತೋಯ್ತು ಕಣೇ."

"ಮರೀರಿ, ಚೆನ್ನಾಗಿ ಮರೀರಿ. ನಾನಂತೂ ತಿನ್ನಲ್ಲ," ಎಂದು ಅಮ್ಮ ತಟ್ಟೆಯನ್ನು ಅವರತ್ತ ದಬ್ಬಿದಳು.

ಮೈಸೂರಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಪ್ಪ ತಟ್ಟೆ ಎಸೆಯುತ್ತಿದ್ದರು. ಅಮ್ಮ ತುಟಿ ಪಿಟಕ್ಕೆನ್ನದೆ ನೆಲ ಒರೆಸಿ, ಎಲ್ಲರದೂ ಮುಗಿದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ನನಗೇ ಅರಿವಿಲ್ಲದೆ ಎರಡೂ ಕೈಯಲ್ಲಿ ನನ್ನ ತಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅಂಕಲ್ ಎದ್ದರು. ಬೇರೆ ತಟ್ಟೆ ತಂದರು, ಅನ್ನ ಹಾಕಿ ಮೊಸರು ಸುರಿದರು.

"ಹಸ್ಕೊಂಡಿರ್ಬೇಡ ವಸಂತಾ. ಬೈಕೊಂಡೇ ತಿನ್ನು."

ಅಮ್ಮ ಬೈದುಕೊಂಡೇ ತಿಂದಳು. ಸತ್ತವರ ಮರ್ಯಾದೆ ಕಾಯಲು ಬದುಕಿರುವವಳ ಬಾಯಿ ಮುಚ್ಚಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅದೇ ಮೇಜಿನ ಮುಂದೆ ಕೂತು ಬರೆದೆ. ನನ್ನ ತಾಯಿ ಈ ಗಂಡನೊಂದಿಗೆ ಹೆದರಿಕೆಯಿಲ್ಲದೆ ಜಗಳವಾಡುತ್ತಾಳೆ, ನನ್ನ ತಂದೆಯೊಂದಿಗೆ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡಲಿಲ್ಲ ಎಂದು ಬರೆದೆ. ಅಪ್ಪ ತಟ್ಟೆ ಎಸೆಯುತ್ತಿದ್ದ ವಿಷಯವನ್ನೂ ಬರೆದೆ. ಸುಘೋಷನಿಗೂ ಅದನ್ನು ಹೇಳಿರಲಿಲ್ಲ.

ಸೋಮವಾರ ಯತೀಶ್ ಫೋನ್ ಮಾಡಿದ. "ಚೆನ್ನಾಗಿ ಬಂದಿದೆ ಮೇಡಂ. ಆದ್ರೆ ನಿಮ್ ತಂದೆಯವ್ರ ವಿಷ್ಯ... ಗೌರ್ನಮೆಂಟ್ ಫೈಲಲ್ಲಿ ಇದ್ದುಬಿಡತ್ತೆ. ತೆಗೆದುಬಿಡ್ಲಾ?"

"ಬೇಡ, ಇರ್ಲಿ," ಎಂದೆ. "ನಾನು ಕಣ್ಣಾರೆ ನೋಡಿರೋದು ಅದೇ."