ಟ್ರಂಕಿನ ತಳದ ಕಾರ್ಡುಗಳು

ಗುರುದೇವಿ ತೆಲುಗು ಸೀಮೆಯ ಫ್ಯಾಕ್ಟರಿ ಊರಾದ ಜೀಡಿಮೆಟ್ಲಾದ ಒಂದು ಸಣ್ಣ ಖಾಸಗಿ ಶಾಲೆಯ ಟೀಚರ್. ಊರು ಯಾದಗಿರಿ ಕಡೆ. ಗಂಡ ಮೌನಪ್ಪ ಗೋಡೆ ಕಟ್ಟುವ ಗೌಂಡಿ. ಶಾಲೆಯ ಸಂಬಳ ಮನೆ ಬಾಡಿಗೆಗೂ ಸಾಲದು. ಹಾಗಾಗಿ ವರ್ಷದ ಪರೀಕ್ಷೆ ಮುಗಿದ ಮೇಲೆ ಶಾಲೆ ಬಿಟ್ಟು ಗುಳಿಗೆ ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೆ ಸೇರುವುದೆಂದು ಆಗಿತ್ತು. ಮಕ್ಕಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಆಕೆ ಅತ್ತದ್ದೂ ಉಂಟು.

ಭಾನುವಾರ ಪೂರ್ವಿ ಬಂದಳು. ಮೈಸೂರಿನ ಹುಡುಗಿ, ಇಲ್ಲಿ ಸಾಫ್ಟ್‌ವೇರ್ ಕೆಲಸ. ರಜೆಯ ದಿನ ಅದೇ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ.

"ಅಕ್ಕಾ, ಪಾಠಕ್ಕೆ ನೀವು ಮಾಡಿಕೊಂಡಿರೋ ಚಿತ್ರ, ಹಾಳೆಗಳನ್ನ ಆನ್‌ಲೈನ್‌ನಲ್ಲಿ ಮಾರಬಹುದು. ಬೇರೆ ಟೀಚರ್‌ಗಳು ತಗೋತಾರೆ."

"ಸಾಲಿ ಪಾಠ ಮಾರೂದಾ? ಮಂದಿ ಏನಂದಾರು!" ಎಂದ ಮೌನಪ್ಪ.

"ಗೋಡೆ ಕಟ್ಟಿದ್ದಕ್ಕೆ ನೀವು ಕೂಲಿ ತಗೊಳ್ಳಲ್ವಾ ಅಣ್ಣಾ?"

ಮೌನಪ್ಪನೇ ಮಂಚದಡಿಯ ಟ್ರಂಕನ್ನು ಎಳೆದು ಕೊಟ್ಟ. ಗುರುದೇವಿ ಟ್ರಂಕಿನಿಂದ ಒಂದು ಕಟ್ಟು ತೆಗೆದಳು. ಅಬಿಡ್ಸ್‌ನ ಪುಸ್ತಕದ ಬೀದಿಯಲ್ಲಿ ಕೊಂಡ ಗೈಡುಗಳ ಜೆರಾಕ್ಸ್.

"ಇವು ಭಾಳ ಚೊಲೊ ಅದಾವ ನೋಡವಾ."

"ಇವು ಬೇರೆಯವರು ಬರೆದದ್ದು ಅಕ್ಕಾ. ಮಾರಿದ್ರೆ ಕಳ್ಳತನ."

"ಹಂಗಾರ ನನ್ನ ಕಡೆ ಏನೂ ಇಲ್ಲ ಬಿಡು."

ನಮ್ಮ ಟೀಚರುಗಳ ಖಯಾಲಿಯೇ ಇದು! ಅಚ್ಚಾದದ್ದೆಲ್ಲ ದೊಡ್ಡದು, ತಾವು ಮಾಡಿದ್ದು ಕಸ. ಟ್ರಂಕಿನ ತಳದಲ್ಲಿದ್ದ ಹಳೆ ಸೀರೆಯ ಗಂಟನ್ನು ಪೂರ್ವಿಯೇ ಬಿಚ್ಚಿದಳು. ಔಷಧಿ ಡಬ್ಬದ ರಟ್ಟಿನಿಂದ ಕತ್ತರಿಸಿದ ಕಾರ್ಡುಗಳ ಮೇಲೆ ಇಟ್ಟಿಗೆ, ಬುಟ್ಟಿ, ಗಾರೆ ಬಳಿಯುವ ಕರಣಿಯ ಚಿತ್ರಗಳು. ಕೆಳಗೆ ಅವುಗಳ ಹೆಸರು, ಕನ್ನಡದಲ್ಲೂ ತೆಲುಗಿನಲ್ಲೂ.

"ಕೂಲಿಯವರ ಮಕ್ಳು. ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು. ಬಾಯೇ ಬಿಡ್ತಿದ್ದಿಲ್ಲ," ಎಂದಳು ಗುರುದೇವಿ ಸಂಕೋಚದಿಂದ. "ದಿನಾ ನೋಡೂ ಸಾಮಾನ ಬರದು ಕೊಟ್ಟೆ. ಓದಾಕತ್ತಿದ್ವು."

"ಇದು ಯಾವ ಅಂಗಡೀಲೂ ಸಿಗಲ್ಲ ಅಕ್ಕಾ!"

ಹೆಡ್‌ಮಾಸ್ತರರನ್ನು ಕೇಳಿ, ಕಾರ್ಡುಗಳನ್ನು ಹೊಸದಾಗಿ ಬರೆದು, ಅವುಗಳ ಫೋಟೊ ತೆಗೆದು, ಪೂರ್ವಿಯ ಲ್ಯಾಪ್‌ಟಾಪಿನಿಂದ ಮಾರಾಟಕ್ಕೆ ಹಾಕಿದರು. ಎರಡು ವಾರ ಯಾರೂ ಕೊಳ್ಳಲಿಲ್ಲ. ಮೂರನೆಯ ವಾರ ಆದೋನಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳಿಗೆ ಕಲಿಸುವ ಟೀಚರೊಬ್ಬರು ಕೊಂಡು ಬರೆದರು: "ಹಿಂದಿನ ಸಾಲಿನ ಹುಡುಗಿ ಇವತ್ತು ಮೊದಲ ಸಲ ಗಟ್ಟಿಯಾಗಿ ಓದಿದಳು." ಗುರುದೇವಿ ಅದನ್ನು ಪೂರ್ವಿಯಿಂದ ನಾಲ್ಕು ಸಲ ಓದಿಸಿಕೊಂಡಳು.

ಆಮೇಲೆ ಒಬ್ಬೊಬ್ಬರೇ ಬಂದರು. ಗುರುದೇವಿ ಸಿರಿವಂತಳಾಗಲಿಲ್ಲ, ಸುಳ್ಳೇಕೆ? ಬಾಡಿಗೆಗೆ ಆಸರೆಯಾಯಿತು. ಫ್ಯಾಕ್ಟರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದಳು.

ಆ ಸಂಜೆ ಮೌನಪ್ಪ ಒಂದು ಹೊರೆ ರಟ್ಟು ತಂದು ಇಳಿಸಿದ.

"ಗೋಡೆ ಸೀದಾ ಐತೋ ಇಲ್ಲೋ ನೋಡೂ ಓಳಂಬನ ಬಿಟ್ಟೀಯಲ್ಲ! ಅದನ್ನೂ ಬರಿ."

ಓದುತ್ತಿರುವ ಟೀಚರೇ, ನಿಮ್ಮ ಟ್ರಂಕಿನ ತಳದಲ್ಲಿ ಏನಿದೆ? ಇವತ್ತೇ ತೆಗೆದು ನೋಡಿ. ನೀವೇ ಮಾಡಿದ್ದನ್ನು ಮಾತ್ರ ಮಾರಿ. ಶಾಲೆಯವರನ್ನು ಮೊದಲು ಕೇಳಿ. ಮಕ್ಕಳ ಫೋಟೊ, ಹೆಸರು ಹಾಕಬೇಡಿ. ನಿಮ್ಮ ಕೈಕೆಲಸವನ್ನು ಕಸ ಎನ್ನಬೇಡಿ. ಎಲ್ಲೋ ಒಂದು ಮಗು ಬಾಯಿ ಮುಚ್ಚಿ ಅದಕ್ಕಾಗಿಯೇ ಕಾದು ಕೂತಿದೆ.